ಬಿಳಿ ಚೀಟಿ

"ಆಮ್ಯಾಲೇನಾತು? ಮುಂದ ಓದು," ಎಂದು ಎಮ್ಮೆಯ ಕೆಚ್ಚಲಿನಿಂದ ಕೈ ತೆಗೆಯದೆಯೇ ಮಹಾಲಿಂಗಪ್ಪ ಗದರಿದ.

ಮಗಳು ತನುಜಾ ಉಪನ್ಯಾಸಕರ ಪರೀಕ್ಷೆಗೆ ತಯಾರಿ ನಡೆಸಿದ್ದಳು. ಬೆಳಿಗ್ಗೆ ಅವನು ಹಾಲು ಹಿಂಡುವಾಗ ಕೊಟ್ಟಿಗೆಯಲ್ಲೇ ಕೂತು ಇತಿಹಾಸ ಓದಿ ಹೇಳುತ್ತಿದ್ದಳು. ಇಟಲಿಯ ಸರ್ವಾಧಿಕಾರಿ ಮುಸೊಲಿನಿಯ ಪಾಠ ಬಂದ ಮೇಲಂತೂ ಅವನಿಗೆ ಚಹಾದ ನೆನಪೂ ಹಾರಿಹೋಗಿತ್ತು.

"ಬ್ಯಾರೆ ಪಕ್ಷ ಎಲ್ಲಾ ಬಂದ್ ಮಾಡಿದ. ಇಪ್ಪತ್ತೊಂಬತ್ತರಾಗ ಚುನಾವಣಿ ಇಟ್ಟ. ಉಮೇದುವಾರರ ಪಟ್ಟಿ ಒಂದ, ಅವನ ಪಕ್ಷದ್ದು. ಹೌದು ಅನ್ನೋ ಚೀಟಿಗೆ ಬಾವುಟದ ಬಣ್ಣ, ಬ್ಯಾಡ ಅನ್ನೋ ಚೀಟಿ ಬರೇ ಬಿಳೇದು."

"ಅಂದ್ರ ಯಾಂವ ಯಾವ್ದು ಹಾಕಿದ ಅಂತ ಗೊತ್ತಾಕ್ಕೈತಿ. ಕಳ್ಳ ಮಗ, ಎಂಥಾ ಹಿಕಮತ್ತು!" ಅವನ ಕಣ್ಣು ಅರಳಿದವು. "ಮಂದಿ ಸುಮ್ಮ ಕುಂತ್ರೇನು?"

"ಬಿಳೇದು ಹಾಕಿದವ್ರೂ ಇದ್ರಪ್ಪ."

"ಶಾಬ್ಬಾಸ್. ಅವ್ರದು ಎದಿ ಅಂದ್ರ ಎದಿ."

ಅಷ್ಟರಲ್ಲಿ ಹಾಲಿನ ಸಂಘದ ಕಾರ್ಯದರ್ಶಿ ಉಡಚಪ್ಪ ಚೆಂಡುಹೂವಿನ ಮಾಲೆ ಹಿಡಿದು ಬಂದ. ಹಿರೇಬೆಂಡಿಗೇರಿಯ ಸಂಘಕ್ಕೆ ಚುನಾವಣೆ ಎಂಬುದು ಎಂದೂ ನಡೆದಿರಲಿಲ್ಲ. ಊರು ಒಡೆಯಬಾರದೆಂದು ಹಿರಿಯರು ಗುಡಿಯ ಕಟ್ಟೆಯಲ್ಲಿ ಕೂತು, ಸ್ಥಾನ ಎಷ್ಟೋ ಅಷ್ಟೇ ಹೆಸರು ಉಳಿಸುವುದು ವಾಡಿಕೆ. ಮೊದಲ ಹೆಸರು ಅಧ್ಯಕ್ಷ ಮಹಾಲಿಂಗಪ್ಪನದು. ಈ ಸಲ ಸಂಘಕ್ಕೆ ಹಾಲು ಹಾಕುವ ಅದೇ ಓಣಿಯ ದಾನವ್ವ ಅರ್ಜಿ ಹಾಕಿ ಒಂದು ಹೆಸರು ಹೆಚ್ಚು ಮಾಡಿದ್ದಳು.

"ಆಕಿನ್ನ ಗುಡಿ ಕಟ್ಟಿಗೆ ಕರಿಸೇವ್ರಿ. ಅರ್ಜಿ ಹಿಂದ ತಗೋತಾಳ. ನೀವು ಅವಿರೋಧ ಆದಂಗ."

"ತಗೊಳ್ಳಿಲ್ಲಂದ್ರ?"

ಉಡಚಪ್ಪ ನಕ್ಕ. "ನಾಳಿಂದ ಆಕಿ ಹಾಲು ಯಾರ್ ತಗೋತಾರ್ರಿ?"

ಬಕೆಟ್ಟಿನೊಳಗೆ ಹಾಲು ಬೀಳುವ ಸದ್ದು ನಿಂತಿತು. ಮಹಾಲಿಂಗಪ್ಪ ಮಗಳ ಕಡೆ ನೋಡಿದ. ಅವಳ ಬೆರಳು ಇನ್ನೂ ಬಿಳಿ ಚೀಟಿಯ ಸಾಲಿನ ಮೇಲೇ ಇತ್ತು.

"ಆಕಿ ಅರ್ಜಿ ತಂಟೆಕ ಹೋಗಬ್ಯಾಡ."

"ಚುನಾವಣಿ ಆಕ್ಕೈತ್ರಿ. ಸೋತ್ರ?"

"ಸೋಲ್ತೇನಿ. ನಿಮ್ಮಪ್ಪನ ಗಂಟೇನು ಹೋಗ್ತೈತಿ?"

ಮಾಲೆ ಹಿಡಿದ ಉಡಚಪ್ಪನನ್ನು ಅಲ್ಲೇ ಬಿಟ್ಟು ಮಹಾಲಿಂಗಪ್ಪ ದಡದಡ ನಡೆದ. ಓಣಿಯ ತುದಿಯಲ್ಲಿ ದಾನವ್ವ ಅಂಗಳ ಗುಡಿಸುತ್ತಿದ್ದಳು. ಅವನನ್ನು ಕಂಡು ಕಸಬರಿಗೆ ಗಟ್ಟಿಯಾಗಿ ಹಿಡಿದಳು.

"ಯಾಕ್ರಿ ಮಾವಾರ, ನನ್ನ ಗುಡಿ ಕಟ್ಟಿಗೆ ಎಳಕೊಂಡು ಹೋಗಾಕ ನೀವ ಬಂದ್ರೇನು?"

"ಇಲ್ಲವ್ವ. ಓಟು ಕೇಳಾಕ ಬಂದೇನಿ. ಮೊದಲ್ನೇ ಮನಿ ನಿಂದ."

ಅವಳು ಅವನನ್ನು ಮೇಲಿಂದ ಕೆಳಗೆ ನೋಡಿದಳು. ಸೆರಗಿನ ಮರೆಯಲ್ಲಿ ನಗು ತಡೆದಳು.

"ಹಂಗ ನಿಂತ್ರ ಯಾರ್ ಹಾಕ್ತಾರ್ರಿ? ಕೈ ಮುಗೀಬೇಕು."

ಹಾಲಿನ ನೊರೆ ಒಣಗಿದ್ದ ಕೈಗಳನ್ನು ಮಹಾಲಿಂಗಪ್ಪ ಎದೆಯ ಹತ್ತಿರ ತಂದ. ಅವು ಒಂದಕ್ಕೊಂದು ಸರಿಯಾಗಿ ಕೂಡಲಿಲ್ಲ. ಇನ್ನೊಮ್ಮೆ ಕೂಡಿಸಿದ.