ಒಂದೇ ಥರದ ಹನ್ನೊಂದು ಹೇಳಿಕೆ

ಇಪ್ಪತ್ತಾರು ವರ್ಷ ಸೈನಿಕ ತರಬೇತಿ ಕೇಂದ್ರದ ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ನನ್ನ ಕೈವೇಗದ ಬಗ್ಗೆ ನನಗೆ ಜಂಬವಿತ್ತು. ಆ ಜಂಬಕ್ಕಿಷ್ಟು ಬೆಂಕಿ ಬೀಳಲಿ. ಹತ್ತು ಜನ ರಜೆ ಕೇಳಿದರೆ ಮೊದಲನೆಯವನ ಅರ್ಜಿ ಟೈಪ್ ಮಾಡಿ, ಉಳಿದವಕ್ಕೆ ಹೆಸರು, ನಂಬರು ಬದಲಿಸಿದರಾಯಿತು. ಇದಕ್ಕೆ ನಾವು ಗುಮಾಸ್ತರು ‘ಅಚ್ಚು ಹಾಕುವುದು’ ಎನ್ನುತ್ತೇವೆ. ನನ್ನಷ್ಟು ಚೆನ್ನಾಗಿ ಅಚ್ಚು ಹಾಕುವವನು ಆ ಕಟ್ಟಡದಲ್ಲಿ ಇನ್ನೊಬ್ಬನಿರಲಿಲ್ಲ.

ಆ ವರ್ಷ ತರಬೇತಿಗೆ ಬಂದ ಹುಡುಗರಲ್ಲಿ ಒಬ್ಬನನ್ನು ಎಲ್ಲರೂ ಕಡ್ಡಿ ಎಂದೇ ಕರೆಯುತ್ತಿದ್ದರು. ಗಾಳಿ ಬೀಸಿದರೆ ಹಾರಿಹೋಗುವಂತಿದ್ದ, ಓಟದಲ್ಲಿ ಮಾತ್ರ ಯಾರಿಗೂ ಸಿಗುತ್ತಿರಲಿಲ್ಲ. ಕವಾಯತಿನಲ್ಲಿ ಹೆಜ್ಜೆ ತಪ್ಪಿದ್ದಕ್ಕೆ ಸೀಟಿ ಮೇಷ್ಟ್ರು ತನ್ನ ತಲೆಯನ್ನು ಮೈದಾನದ ಹಿಂದಿನ ನೀರಿನ ತೊಟ್ಟಿಯಲ್ಲಿ ಅದುಮಿ ಹಿಡಿದರೆಂದು ಅವನು ದೂರು ಕೊಟ್ಟ. ಸೀಟಿ ಮೇಷ್ಟ್ರು ಎಂದರೆ ಇಪ್ಪತ್ತು ವರ್ಷದಿಂದ ಹುಡುಗರನ್ನು ಪಳಗಿಸಿದ ತರಬೇತುದಾರ. ಹಾಗೆ ಏನೂ ನಡೆದೇ ಇಲ್ಲವೆಂದು ಆತ ಸಾಧಿಸಿದ.

ವಿಚಾರಣೆಗೆ ಹೊರಗಿನಿಂದ ಒಬ್ಬ ಮಹಿಳಾ ಅಧಿಕಾರಿ ಬಂದರು. ಮೇಡಂ ಮೊದಲ ದಿನವೇ ಮೇಷ್ಟ್ರನ್ನು ಆ ತುಕಡಿಯಿಂದ ದೂರವಿಟ್ಟರು. ತೀರ್ಪಾಗುವ ತನಕ ಅವರನ್ನು ಯಾರೂ ಅಪರಾಧಿ ಎನ್ನಕೂಡದೆಂದೂ ಹೇಳಿದರು. ಕಡ್ಡಿಯ ಹೇಳಿಕೆಯನ್ನು ತಾವೇ ಎದುರಿಗೆ ಕೂತು ನನ್ನ ಕೈಲಿ ಬರೆಸಿದರು. ನೋಡಿದ ಹುಡುಗರು ಇನ್ನೂ ಹತ್ತು ಜನ ಇದ್ದರು. ಅಷ್ಟರಲ್ಲಿ ಕೇಂದ್ರದ ವೈದ್ಯರನ್ನೂ ಮೇಷ್ಟ್ರನ್ನೂ ವಿಚಾರಿಸಲು ಪಕ್ಕದ ಕೋಣೆಗೆ ಹೋಗಬೇಕಾಗಿ ಬಂದು, ಆ ಹತ್ತು ಜನರನ್ನು ನನಗೆ ಒಪ್ಪಿಸಿದರು.

“ಒಬ್ರ ಮಾನ, ಇನ್ನೊಬ್ರ ಬದುಕು, ಎರಡೂ ನಮ್ಮ ಕೈಲಿದೆ,” ಎಂದರು. “ಯಾರ್ಯಾರು ಹೇಗೆ ಹೇಳ್ತಾರೋ ಹಾಗೇ ಬರ್ಕೊಳ್ಳಿ.”

ನಾನು ತಲೆ ಆಡಿಸಿದೆ. ಹುಡುಗರು ಒಬ್ಬೊಬ್ಬರಾಗಿ ಬಂದು ಹೇಳಿದರು. ಒಬ್ಬ ದೂರದಿಂದ ಒದ್ದಾಡುವ ಕಾಲನ್ನಷ್ಟೇ ನೋಡಿದ್ದ. ಒಬ್ಬ ಹೆದರಿ ಎಣಿಸತೊಡಗಿದ್ದ, ಹತ್ತೊಂಬತ್ತಕ್ಕೆ ತಲೆ ಮೇಲೆ ಬಂತಂತೆ. ಮೋಟ ಎಂಬ ಗಿಡ್ಡ ಹುಡುಗ, ಮೇಷ್ಟ್ರು ಮೊದಲು ಕೈಗಡಿಯಾರ ಬಿಚ್ಚಿ ತೊಟ್ಟಿಯ ಕಟ್ಟೆಯ ಮೇಲೆ ಜೋಪಾನವಾಗಿ ಇಟ್ಟರು, ಆಮೇಲೆ ಕಡ್ಡಿಯ ಕತ್ತು ಹಿಡಿದರು ಎಂದ. ಅಂಥದ್ದನ್ನು ಯಾವ ಹುಡುಗನೂ ಕಟ್ಟಿ ಹೇಳಲಾರ.

ಎಲ್ಲ ಕೇಳಿದೆ. ಆಮೇಲೆ, ಎಲ್ಲರ ಮಾತಿನ ಸಾರ ಒಂದೇ ತಾನೇ ಎಂದುಕೊಂಡು ಕಡ್ಡಿಯ ಹೇಳಿಕೆಗೆ ಅಚ್ಚು ಹಾಕಿದೆ. ‘ನಾನು’ ಇದ್ದಲ್ಲಿ ‘ಅವನು’ ಮಾಡಿದೆ, ಹೆಸರು, ನಂಬರು ಬದಲಿಸಿದೆ, ‘ಸದರಿ ತೊಟ್ಟಿಯ ಬಳಿ’ ಎಂದು ನನ್ನ ಕಚೇರಿ ಮಾತನ್ನೂ ತುರುಕಿದೆ. ಊಟದ ಗಂಟೆಗೆ ಮುಂಚೆ ಹತ್ತೂ ಸಿದ್ಧ. ಹುಡುಗರು ಓದಿ ಸಹಿ ಹಾಕಿದರು. ಮುಂದಿಟ್ಟ ಕಾಗದಕ್ಕೆ ಎದುರಾಡದೆ ಸಹಿ ಹಾಕುವುದನ್ನು ನಾವೇ ಅವರಿಗೆ ಕಲಿಸಿದ್ದೆವು.

ಅಂತಿಮ ವಿಚಾರಣೆಯಲ್ಲಿ ಮೇಷ್ಟ್ರ ಪರ ನಿಂತವರು ಹನ್ನೊಂದು ಹಾಳೆಗಳನ್ನು ಮೇಜಿನ ಮೇಲೆ ಸಾಲಾಗಿ ಹರಡಿದರು. ಸಾಲಿಗೆ ಸಾಲು ಒಂದೇ. ಇದು ಸಾಕ್ಷಿಯಲ್ಲ, ಯಾರೋ ಬಾಯಿಪಾಠ ಮಾಡಿಸಿದ ಕವಾಯತು ಎಂದರು. ಮೇಡಂ ಒಮ್ಮೆ ನನ್ನ ಕಡೆ ನೋಡಿದರು. ನಾನು ಶಾಯಿ ಪ್ಯಾಡು ನೋಡುತ್ತ ಕೂತೆ. ಬಾಯಿ ಬಿಡಬೇಕಿದ್ದದ್ದು ಆಗ. ಇಪ್ಪತ್ತಾರು ವರ್ಷದ ಒಳ್ಳೆ ಹೆಸರು ನಾಲಿಗೆಯನ್ನು ಕಟ್ಟಿಹಾಕಿತು.

ಮೇಷ್ಟ್ರು ಖುಲಾಸೆಯಾದರು. ಸುಳ್ಳು ದೂರು ಕೊಟ್ಟವನಿಗೆ ಮನೆಯೇ ಗತಿ, ಅದು ನಿಯಮ. ಕಡ್ಡಿಯ ಬಿಡುಗಡೆ ಆದೇಶವನ್ನೂ ನಾನೇ ಟೈಪ್ ಮಾಡಿದೆ. ಅವನನ್ನು ಕರೆದೊಯ್ಯಲು ಅಕ್ಕ ಬಂದಳು. ತಾಯಿ ಇಲ್ಲದ ಅವನನ್ನು ಬಟ್ಟೆ ಹೊಲಿದು ಸಾಕಿದವಳು.

“ಇವ್ನು ಸುಳ್ಳು ಹೇಳೋನಲ್ಲ ಅಣ್ಣಾ,” ಎಂದಳು. “ಮನೆ ಬೀದೀಲಿ ಈಗ ಎಲ್ರೂ ಇವ್ನನ್ನ ಸುಳ್ಳುಬುರುಕ ಅಂತಾರೆ.”

ಕಡ್ಡಿ ಅವಳನ್ನು ಸುಮ್ಮನಿರಿಸಿದ. ಈ ಸಾರ್ ಒಬ್ಬರೇ ಕಣೇ ಅಕ್ಕ, ನಾನು ಹೇಳಿದ್ದನ್ನು ಒಂದಕ್ಷರ ಬಿಡದೆ ಬರೆದುಕೊಂಡವರು ಎಂದು ನನಗೆ ಕೈ ಮುಗಿದ. ಆ ಮುಗಿದ ಕೈಯಿಂದಲೇ ಕೆನ್ನೆಗೆ ಎರಡು ಬಾರಿಸಿದ್ದರೆ ನನಗೆ ನಿದ್ದೆಯಾದರೂ ಬರುತ್ತಿತ್ತು.

ಐದನೆಯ ದಿನ ಮೇಡಂಗೆ ಎಲ್ಲವನ್ನೂ ಬರೆದೆ, ಅಚ್ಚು, ಎಣಿಕೆ, ಕೈಗಡಿಯಾರ, ಎಲ್ಲ. ನನ್ನನ್ನು ಕಚೇರಿಯಿಂದ ಉಗ್ರಾಣಕ್ಕೆ ತಳ್ಳಿದರು, ತಳ್ಳಲಿ. ಮೇಡಂ ಹಟ ಹಿಡಿದು ವಿಚಾರಣೆ ಮತ್ತೆ ತೆರೆಸುವಷ್ಟರಲ್ಲಿ ಮೂರು ತಿಂಗಳಾಗಿತ್ತು. ಕಡ್ಡಿಗೂ ಕರೆ ಹೋಯಿತು. ಈ ಸಲ ತನ್ನನ್ನು ವಾಪಸು ತೆಗೆದುಕೊಳ್ಳುತ್ತಾರೆಂದು ಅವನು ಪೆಟ್ಟಿಗೆ ಸಮೇತ ಬಂದು ಹೊರಗಿನ ಬೆಂಚಿನ ಮೇಲೆ ಕೂತ. ಅಕ್ಕ ಅವನ ಅಂಗಿಗೆ ಹೊಸ ಗುಂಡಿ ಹಾಕಿ ಕಳಿಸಿದ್ದಳು.

ನನ್ನನ್ನು ಸಾಕ್ಷಿಯಾಗಿ ಕೋಣೆಯ ಮೂಲೆಯಲ್ಲಿ ಕೂರಿಸಿದ್ದರು. ಆದರೆ ನಾನು ಬರೆದುಕೊಟ್ಟದ್ದು ಬರೀ ಕೇಳಿದ ಮಾತು, ನೋಡಿದ ಹುಡುಗರ ಬಾಯಿಂದ ಬರದೆ ಅದಕ್ಕೆ ಬೆಲೆಯಿರಲಿಲ್ಲ. ಮೊದಲ ಹುಡುಗ ಬಂದು ನೆಟ್ಟಗೆ ನಿಂತು ಹೇಳತೊಡಗಿದ, “ಸದರಿ ತೊಟ್ಟಿಯ ಬಳಿ…” ಎರಡನೆಯವನೂ ಅದನ್ನೇ ಹೇಳಿದ, ಮೂರನೆಯವನೂ. ಸಹಿ ಹಾಕಿದ ಮಾತು ತಪ್ಪಿದರೆ ಶಿಕ್ಷೆ ಎಂದು ಹೆದರಿ, ನನ್ನ ಹಾಳೆಯನ್ನು ಹುಡುಗರು ಬಾಯಿಪಾಠ ಮಾಡಿಬಿಟ್ಟಿದ್ದರು.

ಕೊನೆಗೆ ಮೋಟ ಬಂದ. ಕೈಗಡಿಯಾರದ ಮಾತನ್ನು ಮೇಡಂ ತಾವಾಗಿ ಎತ್ತುವಂತಿರಲಿಲ್ಲ. ಸಾಕ್ಷಿಯ ಬಾಯಿಗೆ ಮಾತು ತುರುಕಿದರೆ ಅದು ಮೇಷ್ಟ್ರಿಗೆ ಮಾಡುವ ಅನ್ಯಾಯ.

“ಇದರಲ್ಲಿ ಇಲ್ದಿದ್ದು ಬೇರೇನಾದ್ರೂ ನೋಡಿದ್ಯೇನಪ್ಪಾ?” ಎಂದು ಎರಡು ಸಲ ಮೆಲ್ಲಗೆ ಕೇಳಿದರು. “ಹೇಳಿದ್ರೆ ನಿನಗೇನೂ ಆಗಲ್ಲ.”

ಮೋಟ ನನ್ನ ಕಡೆ ನೋಡಿದ. ಹೇಳೋ ಮಾರಾಯ ಎಂದು ಕೂಗಬೇಕೆನಿಸಿತು, ಕೂಗುವಂತಿರಲಿಲ್ಲ.

“ಇಲ್ಲ ಮೇಡಂ. ಸಹಿ ಹಾಕಿದ್ದು ಎಷ್ಟೋ ಅಷ್ಟೇ.”

ಮೇಡಂ ಪೆನ್ನು ಎತ್ತಿಕೊಂಡರು. ಇಂಥ ಬಾಯಿಪಾಠದ ಮಾತಿನ ಮೇಲೆ ಯಾರನ್ನೂ ಶಿಕ್ಷಿಸಲಾಗದು, ಹಳೆಯ ತೀರ್ಪೇ ನಿಲ್ಲುತ್ತದೆ ಎಂದು ಬರೆದರು. ಅವರದು ತಪ್ಪೆನ್ನಲು ನನಗೆ ಬಾಯಿಲ್ಲ. ಕಿಟಕಿಯಾಚೆ ಮೈದಾನದಲ್ಲಿ ಮೇಷ್ಟ್ರ ಸೀಟಿ ಕೇಳಿಸುತ್ತಿತ್ತು.

ಹೊರಗೆ ಬಂದೆ. ಕಡ್ಡಿ ಬೆಂಚಿನಿಂದ ಎದ್ದು ನಿಂತ. ಒಳಗಿನ ಮಾತು ಅವನಿಗೆ ಒಂದಿಷ್ಟು ಕೇಳಿಸಿತ್ತು, ಮುಖ ಅರಳಿತ್ತು.

“ಎಲ್ರೂ ಒಂದೇ ಥರ ಹೇಳಿದ್ರಲ್ವಾ ಸಾರ್?”

“ಹೂಂ ಕಣೋ, ಎಲ್ರೂ ಒಂದೇ ಥರ ಹೇಳಿದ್ರು,” ಎಂದೆ.

ಅವನು ನಕ್ಕು, ಒಳಗೆ ಕರೆಯುತ್ತಾರೆಂದು ಪೆಟ್ಟಿಗೆ ಕೈಗೆತ್ತಿಕೊಂಡ.