ಹಗ್ಗದ ಮೇಲೆ ಒಂಬತ್ತನೇ ನಂಬರ್

ಬಕೆಟ್ಟಿನ ನೀರಿನಲ್ಲಿ ಉಪ್ಪು ಕರಗಿತ್ತು. ಭುವನೇಶ್ವರಿ ಜರ್ಸಿಗಳನ್ನು ಒಂದೊಂದಾಗಿ ಅದರಲ್ಲಿ ಅದ್ದಿ, ತಾರಸಿಯ ಒಗೆಯುವ ಕಲ್ಲಿನ ಮೇಲೆ ಹರಡಿ, ಮೊಣಕೈ ಬಳಿಯ ಮಣ್ಣನ್ನು ಅಂಗೈಯಿಂದ ತಿಕ್ಕುತ್ತಿದ್ದರು. ಬ್ರಷ್ ಹಾಕಿದರೆ ಎದೆಯ ಮೇಲಿನ ಅಕ್ಷರಗಳು ಎದ್ದು ಬರುತ್ತವೆ. ಉಪ್ಪು ಹಾಕದಿದ್ದರೆ ಮರೂನ್ ಬಣ್ಣ ಬಿಡುತ್ತದೆ; ಬಣ್ಣ ಬಿಟ್ಟರೆ ಕೆಳಗಿನ ಮನೆಯ ಶಾಂಭವಿ ತನ್ನ ಬಿಳಿ ನರ್ಸ್ ಕೋಟನ್ನು ಹಿಡಿದುಕೊಂಡು ಮೆಟ್ಟಿಲು ಹತ್ತಿ ಬರುತ್ತಾಳೆ. ಕಳೆದ ಸಲ ಬಂದವಳು, "ಆಂಟೀ, ನಿಮ್ಮ ಟೀಮು ಗೆಲ್ಲಲ್ಲ, ನನ್ನ ಕೋಟು ಉಳಿಯಲ್ಲ" ಎಂದು ಹೇಳಿ ಹೋಗಿದ್ದಳು. ಮಾತಿನಲ್ಲಿ ಸುಳ್ಳಿರಲಿಲ್ಲ ಅನ್ನಿ.

ತೊಳೆದದ್ದನ್ನು ನಂಬರಿನ ಸಾಲಿನಲ್ಲೇ ಹಗ್ಗಕ್ಕೆ ಹಾಕುವುದು ಅವರ ಅಭ್ಯಾಸ. ಏಳು ಹಾಕಿದರು, ಎಂಟು ಹಾಕಿದರು. ಕೈಗೆ ಹತ್ತು ಬಂತು. ಕಲ್ಲಿನ ಮೇಲೆ ಹುಡುಕಿದರು. ಚೀಲವನ್ನು ತಿರುವಿಹಾಕಿ ಕೊಡವಿದರು. ಒಂಟಿ ಕಾಲುಚೀಲ ಬಿತ್ತು, ಮುಗಿಯುತ್ತ ಬಂದ ಬ್ಯಾಂಡೇಜ್ ಟೇಪು ಬಿತ್ತು. ಒಂಬತ್ತು ಇರಲಿಲ್ಲ.

ಭುವನೇಶ್ವರಿ ಒದ್ದೆ ಕೈಯಲ್ಲೇ ಕಲ್ಲಿನ ಮೇಲೆ ಕುಳಿತರು.

ಟೂಲ್‌ರೂಮ್ ಇಲೆವನ್‌ನಲ್ಲಿ ಒಂದು ಪದ್ಧತಿ ಇತ್ತು. ಕಾರ್ಖಾನೆಯ ಟೂಲ್‌ರೂಮಿನವರು ಈ ಫುಟ್‌ಬಾಲ್ ಕ್ಲಬ್ ಕಟ್ಟಿದ ಕಾಲದಿಂದ ಬಂದದ್ದು. ಮ್ಯಾಚ್ ಮುಗಿದ ಮೇಲೆ ಎಲ್ಲರ ಜರ್ಸಿಯೂ ಒಂದೇ ಚೀಲಕ್ಕೆ ಬೀಳಬೇಕು, ಒಂದೇ ಕಡೆ ಒಗೆಯಬೇಕು. ತಂಡ ಬಿಟ್ಟು ಹೋಗುವವನು ಮಾತ್ರ ತನ್ನದನ್ನು ತಾನೇ ಒಗೆದು ಮಡಚಿ ತಂದುಕೊಡಬೇಕು. ಹೋಗುತ್ತೇನೆ ಎಂದು ಬಾಯಿಬಿಟ್ಟು ಹೇಳುವ ಕಷ್ಟ ಯಾರಿಗೂ ಬೇಡ ಎಂದು ಹಳಬರು ಮಾಡಿಕೊಂಡದ್ದಿರಬೇಕು. ಆಮೇಲೆ ಕಾರ್ಖಾನೆ ಆಟದವರನ್ನು ಕೆಲಸಕ್ಕೆ ತೆಗೆದುಕೊಳ್ಳುವುದನ್ನು ನಿಲ್ಲಿಸಿತು, ಹಳಬರು ನಿವೃತ್ತರಾದರು. ಪೀಣ್ಯದ ಶೆಡ್ಡುಗಳಲ್ಲಿ ಪ್ರೆಸ್ಸು, ಲೇತು, ಪ್ಲೇಟಿಂಗ್ ಮಾಡುವ ಹುಡುಗರು ಬಂದು ಸೇರಿದರು. ಕಾರ್ಯದರ್ಶಿಯ ಕೆಲಸ ಯಾರಿಗೂ ಬೇಡವಾದಾಗ, ಅದೇ ಕಾರ್ಖಾನೆಯ ಸ್ಟೋರ್ಸಿನಿಂದ ಆಗಷ್ಟೇ ನಿವೃತ್ತರಾಗಿದ್ದ ಭುವನೇಶ್ವರಿ, ಒಂದು ವರ್ಷದ ಮಟ್ಟಿಗೆ ಎಂದು ಒಪ್ಪಿಕೊಂಡರು. ಆ ವರ್ಷ ಇನ್ನೂ ಮುಗಿದಿಲ್ಲ.

ಒಂಬತ್ತನೇ ನಂಬರ್ ಈರೇಶನದು. ಈ ಸಲ ತಂಡ ಹೊಡೆದ ಗೋಲುಗಳಲ್ಲಿ ಉಳಿದವರದು ಎಷ್ಟು ಎಂದು ಕೇಳಿದರೆ ಗೋಲ್‌ಕೀಪರ್ ಯಮನಪ್ಪ, "ನಾನೂ ಹೊಡದೀನ್ರಿ, ನಮ್ಮ ಕಡೀಗೇ" ಎಂದು ನಗುತ್ತಿದ್ದ. ನಾಳೆ ಕೊನೆಯ ಮ್ಯಾಚು. ಗೆದ್ದರೆ ಬಿ ಡಿವಿಜನ್ ಉಳಿಯುತ್ತದೆ, ಇಲ್ಲವಾದರೆ ಸಿ ಗೆ ಇಳಿಯಬೇಕು.

ಅವನು ಹೊರಟಿದ್ದರೆ ಅದು ತಾವು ಬರೆದ ಪತ್ರದಿಂದಂತೂ ಅಲ್ಲ. ಬೆಳ್ಳಂದೂರಿನ ಅಕಾಡೆಮಿಯೊಂದು ಮೂರು ತಿಂಗಳ ಹಿಂದೆ ಈರೇಶನ ಟ್ರಯಲ್ ನೋಡಿ, ಅವನನ್ನು ಬಿಟ್ಟುಕೊಡಿ ಎಂದು ಕ್ಲಬ್ಬಿಗೆ ಬರೆದಿತ್ತು. ಸಂಬಳದ ಆಟ, ಸೂಪರ್ ಡಿವಿಜನ್. ಭುವನೇಶ್ವರಿ ಅವತ್ತೇ ಒಪ್ಪಿಗೆಯ ಪತ್ರ ಟೈಪ್ ಮಾಡಿಸಿ, ಸಹಿ ಹಾಕಿ, ಕ್ಲಬ್ಬಿನ ದುಂಡು ಸೀಲು ಒತ್ತಿ, ಫೋಟೋ ತೆಗೆದು ಮೇಲ್‌ಗೆ ಸೇರಿಸಿಟ್ಟಿದ್ದರು. ಕಳಿಸಿರಲಿಲ್ಲ. ಮುಂದಿನ ಮ್ಯಾಚ್ ಆಗಲಿ ಅಂದುಕೊಂಡರು. ಆ ಮ್ಯಾಚ್ ಆಯಿತು, ಅದರ ಮುಂದಿನದೂ ಆಯಿತು. ಇವತ್ತು ಸಂಜೆ ಐದಕ್ಕೆ ಫುಟ್‌ಬಾಲ್ ಸಂಘದವರು ಆಟಗಾರರ ವರ್ಗಾವಣೆಯ ಬಾಗಿಲು ಹಾಕುತ್ತಾರೆ.

"ಭುವನಕ್ಕಾ, ಮ್ಯಾಲವ್ರಾ? ಏನ್ ಮೆಟ್ಲು ಕಣ್ರೀ ಇವು, ಶಿವಗಂಗೆ ಬೆಟ್ಟ ಅತ್ತಿದಂಗಾಯ್ತು."

ಈಶಪ್ಪ ಏದುಸಿರು ಬಿಡುತ್ತ ಬಂದರು. ಕ್ಲಬ್ಬಿನ ಅಧ್ಯಕ್ಷರು. ಜರ್ಸಿಗಳ ಎದೆಯ ಮೇಲೆ ಬಿಳಿ ಅಕ್ಷರಗಳಲ್ಲಿ ಇದ್ದದ್ದು ಅವರ ಶೆಡ್ಡಿನ ಹೆಸರು: ಈಶಪ್ಪ ಸ್ಪ್ರಿಂಗ್ಸ್. ಗ್ರೌಂಡಿನ ಬಾಡಿಗೆ, ರೆಫರಿ, ಆಂಬುಲೆನ್ಸು ಎಲ್ಲ ಇಷ್ಟು ವರ್ಷ ಆ ಹೆಸರಿನ ಹಿಂದಿನಿಂದಲೇ ಬರುತ್ತಿತ್ತು. ಅವರು ನೀರಿನ ಟ್ಯಾಂಕಿನ ನೆರಳಿಗೆ ಹೋಗಿ ನಿಂತರು.

"ಆ ಋಷಿಕೇಶ್ ಪುನಾ ಫೋನ್ ಮಾಡಿದ್ದ."

"ಅಕಾಡೆಮಿಯವನಾ?"

"ಊಂ. ಈರೇಶನ್ನ ಮಾತ್ರ ಅಲ್ಲ ಕಣಕ್ಕ, ಕ್ಲಬ್ಬನ್ನೇ ಕೇಳ್ತಾವ್ನೆ. ಲೀಗಲ್ಲಿ ನಮ್ಗೊಂದು ಜಾಗ ಐತಲ್ಲ, ಬಿ ಡಿವಿಜನ್‌ದು, ಅದು ಬೇಕಂತೆ ಅವ್ನ ಎರಡ್ನೇ ಟೀಮಿಗೆ. ನಮ್ಮ ಎಸ್ರು ತಗ್ದು ಅವ್ರ ಎಸ್ರು ಆಕ್ಕೊಂತಾನೆ. ಕೊಡ್ಬೇಕಾದ್ದು ಎಲ್ಲಾ ಅವ್ನೇ ಕಟ್ತಾನೆ. ಈರೇಶನೂ ಅಂಗೇ ಓಯ್ತಾನೆ. ಆದ್ರೆ ನಾಳೆ ಮ್ಯಾಚಿಗ್ ಮುಂಚೆ ಊಂ ಅನ್ಬೇಕು. ಸೋತು ಸಿ ಗೆ ಬಿದ್ರೆ ಅವ್ನಿಗೆ ಬ್ಯಾಡ."

"ಯಮನಪ್ಪ? ಬಸಲಿಂಗ? ಉಳಿದೋರು?"

ಈಶಪ್ಪ ಹಗ್ಗದ ಕಡೆ ನೋಡಿದರು. "ಅವ್ರಿಗೆ ಕೆಲ್ಸ ಐತಲ್ಲ."

"ಕೆಲಸ ಆಡೋಕೆ ಮುಂಚೆನೂ ಇತ್ತು."

"ಅಕ್ಕ, ನಾನು ಸ್ಪ್ರಿಂಗ್ ಸುತ್ತೋ ದೊಡ್ಡ ಕಾಯ್ಲಿಂಗ್ ಮಿಷಿನ್ನು ಮಾರ್ದೆ. ಓದ್ ವಾರ. ಆರ್ಡರ್ ಕೊಡ್ತಿದ್ದೋರು ಹೊಸೂರಿಗೆ ಓದ್ರು. ಮುಂದಿನ್ ವರ್ಷ ನನ್ ಕೈಲಿ ಆಗಲ್ಲ ಕಣಕ್ಕ. ಇದ್ನ ನಿಮ್ಗೆ ಏಳೋಣ ಅಂತ ಮೂರ್ ಸತಿ ನಿಮ್ ಬಾಗ್ಲಿಗ್ ಬಂದು ವಾಪಸ್ ಓಗಿವ್ನಿ."

ಭುವನೇಶ್ವರಿ ಹತ್ತನ್ನು ಕೊಡವಿ ಹಗ್ಗಕ್ಕೆ ಹಾಕಿದರು. ಎಂಟಕ್ಕೂ ಹತ್ತಕ್ಕೂ ನಡುವೆ ಒಂದು ಜರ್ಸಿಯಷ್ಟು ಜಾಗ ಬಿಟ್ಟರು.

ಆಗ ಮೆಟ್ಟಿಲ ಮೇಲೆ ಈರೇಶನ ತಲೆ ಕಾಣಿಸಿತು. ಪ್ಲೇಟಿಂಗ್ ಶೆಡ್ಡಿನ ಶಿಫ್ಟಿಗೆ ಹೊರಟವನ ಹಾಗೆ ನೀಲಿ ಅಂಗಿ ತೊಟ್ಟಿದ್ದ, ಎದೆಗೆ ಒಂದು ಪ್ಲಾಸ್ಟಿಕ್ ಕವರು ಅವಚಿಕೊಂಡಿದ್ದ. ಈಶಪ್ಪನವರನ್ನು ಕಂಡು ಒಂದು ಹೆಜ್ಜೆ ಹಿಂದೆ ಇಟ್ಟ.

"ಬಾರೋ," ಅಂದರು ಭುವನೇಶ್ವರಿ. "ಒಗೆದು ತಂದಿದ್ದೀಯ?"

"ಹೂನ್ರಿ ಅಕ್ಕಾರ. ಬೈಬ್ಯಾಡ್ರಿ ಮತ್ತ."

"ಬೈಯೋದೇನು. ಹೋಗೋನು ಒಗೆದು ತರೋದು ಪದ್ಧತಿ."

"ಎಲ್ಲಿ ಹೋಗೂದ್ರಿ?" ಈರೇಶ ಕಣ್ಣು ಕಿರಿದು ಮಾಡಿದ. ಆಮೇಲೆ ಅರ್ಥವಾಗಿ ಕವರನ್ನು ಇನ್ನಷ್ಟು ಅವಚಿಕೊಂಡ. "ಅಯ್ಯ, ಅದಲ್ರಿ! ನಾ ಎಲ್ಲಿಗೂ ಹೊಂಟಿಲ್ರಿ. ನಿನ್ನೆ ಮ್ಯಾಚ್ ಮುಗಿಯೂದು ತಡಾ ಆತಲ್ರಿ, ಹಂಗ ಮೆಟ್ರೋ ಹಿಡದು ಜರ್ಸಿ ಮ್ಯಾಲೇ ಶಿಫ್ಟಿಗೆ ಹ್ವಾದೆ. ನಿಕಲ್ ನೀರು ಸಿಡೀತ್ರಿ. ಹಸರ ಹಸರ ಕಲಿ. ನಿಮ್ಮ ಕೈಯಾಗ ಹೆಂಗ ಕೊಡೂದು ಅಂತಂದು, ಎಣ್ಣಿ ಬಿಡಸೂ ಟ್ಯಾಂಕ್ ಇರ್ತೈತಲ್ರಿ ನಮ್ಮಲ್ಲಿ, ಕಾಸ್ಟಿಕ್ಕಿಂದು, ಅದ್ರಾಗ ಒಂದ್ ಸಲ ಅದ್ದಿ ತಗದೆ."

"ಕಬ್ಬಿಣ ಅದ್ದೋ ಟ್ಯಾಂಕಿಗಾ?"

"ಒಂದ ಸಲ ರೀ."

ಅವನು ಜರ್ಸಿಯನ್ನು ಹೊರಗೆ ತೆಗೆದ. ಹಸಿರು ಕಲೆ ಹೋಗಿತ್ತು. ಮರೂನ್ ಹೋಗಿ ಹಳೆ ಇಟ್ಟಿಗೆಯ ಬಣ್ಣ ಬಂದಿತ್ತು. ಬೆನ್ನಿನ ಮೇಲೆ ಹೊಲಿದ ಒಂಬತ್ತು ಹಾಗೇ ಇತ್ತು. ಎದೆಯ ಮೇಲೆ ಒಂದು ಅಕ್ಷರವೂ ಉಳಿದಿರಲಿಲ್ಲ.

ಈಶಪ್ಪ ಹತ್ತಿರ ಬಂದು ಬಟ್ಟೆಯನ್ನು ಬೆರಳಿನಿಂದ ಮುಟ್ಟಿ ನೋಡಿದರು. "ನನ್ನೇ ತೊಳ್ದಾಕ್ಬಿಟ್ಯಲ್ಲೋ ಮಗಾ," ಅಂದರು. ನಗು ಬಂತು, ಆದರೆ ಅರ್ಧಕ್ಕೆ ನಿಂತಿತು.

"ತಪ್ಪಾತ್ರಿ ಸಾವ್ಕಾರ್ರ. ನಾಳಿ ಗೆದ್ದು ತೀರಸ್ತೀನ್ರಿ."

"ಈರೇಶ," ಅಂದರು ಭುವನೇಶ್ವರಿ. "ಆ ಅಕಾಡೆಮಿ ಟ್ರಯಲ್‌ಗೆ ಹೋಗಿದ್ಯಲ್ಲ. ಏನಾಯ್ತು ಅಂತ ನೀನು ಕೇಳಲೇ ಇಲ್ಲ."

ಅವನು ಜರ್ಸಿಯ ತೋಳನ್ನು ತಿರುಚಿದ. "ಅವ್ರು ಬ್ಯಾಡ ಅಂದ್ರಂತ ಕಾಣ್ತೈತ್ರಿ. ಚಂದ ಆಡ್ತಿ, ಕ್ಲಬ್ಬಿಗೆ ಬರೀತೀವಿ ಅಂದಿದ್ರು. ದಿನಾ ಮಲಗೂ ಮುಂದ ಫೋನ್ ನೋಡ್ತಿದ್ನಿ. ಬರಲಿಲ್ಲ. ಇಪ್ಪತ್ಮೂರು ಮುಗೀತ್ರಿ ನಂಗ. ಇನ್ನ ಯಾರು ಕೇಳ್ತಾರ್ರಿ? ಇರ್ಲಿ, ಇಲ್ಲೇ ಆಡೂದು."

ಈಶಪ್ಪ ಭುವನೇಶ್ವರಿಯ ಮುಖ ನೋಡಿ, ಬೇಡ ಎನ್ನುವ ಹಾಗೆ ತಲೆ ಅಲ್ಲಾಡಿಸಿದರು. ಭುವನೇಶ್ವರಿ ಸೆರಗಿನಲ್ಲಿ ಕೈ ಒರೆಸಿಕೊಂಡರು.

"ಬರೆದಿದ್ರು ಕಣೋ. ಮೂರು ತಿಂಗಳಾಯ್ತು. ನಿನ್ನನ್ನ ಬಿಟ್ಕೊಡ್ತೀವಿ ಅಂತ ನಾನು ಬರೆದ ಪತ್ರ ಈ ಫೋನಲ್ಲೇ ಇದೆ. ನಾನು ಕಳಿಸಲಿಲ್ಲ."

ಕೆಳಗೆ ರಸ್ತೆಯಲ್ಲಿ ಟೆಂಪೋ ಒಂದು ಹಿಂದಕ್ಕೆ ಹೋಗುತ್ತ ಕೂಗುತ್ತಿತ್ತು. ಅದು ನಿಂತ ಮೇಲೆ ಈರೇಶ ತಲೆ ಎತ್ತಿದ.

"ಯಾಕ್ರಿ?"

"ನೀನು ಹೋದ್ರೆ ಸೋಲ್ತೀವಿ. ಅದಕ್ಕೆ."

"ನನ್ನೊಂದ್ ಮಾತ್ ಕೇಳಬಾರ್ದಾಗಿತ್ತೇನ್ರಿ?" ಅವನ ದನಿ ಏರಿತು. "ನಾ ಇರ್ತಿದ್ನೋ ಏನೋ! ಕೇಳಿದ್ರ ನಾನ ಇರ್ತೀನಂತಿದ್ನೋ ಏನೋ! ನೀವ ಎಲ್ಲಾ ಮುಗಿಸಿ ಕುಂತ್ರಿ. ನಮ್ಮ ಸೂಪರ್‌ವೈಸರ್ ಮಾಡಿದಂಗ ಮಾಡಿದ್ರಿ ನೀವೂ."

"ಏ, ಯಾರ್ ಜೊತೆ ಮಾತಾಡ್ತಿದ್ದೀಯ," ಎಂದು ಈಶಪ್ಪ ಮುಂದೆ ಬಂದರು.

"ಮಾತಾಡ್ಲಿ ಬಿಡಿ ಈಶಪ್ಪ. ಸರಿಯಾಗೇ ಮಾತಾಡ್ತಿದ್ದಾನೆ." ಭುವನೇಶ್ವರಿ ಅವನ ಕಡೆ ತಿರುಗಿದರು. "ಈಗ ಕೇಳ್ತಿದ್ದೀನಿ. ಐದು ಗಂಟೆಗೆ ಬಾಗಿಲು ಹಾಕ್ತಾರೆ. ಕಳಿಸಿದ್ರೆ ನಾಳೆ ನೀನು ನಮ್ಮ ಕಡೆ ಆಡೋ ಹಾಗಿಲ್ಲ. ಕಳಿಸದಿದ್ರೆ ಇನ್ನೊಂದು ವರ್ಷ ಇಲ್ಲೇ."

"ನಾಳಿ ಆಡಿ ಹೋದ್ರ?"

"ಆಗಲ್ಲ."

ಈರೇಶ ಹಗ್ಗದ ಮೇಲಿನ ಸಾಲನ್ನು ನೋಡಿದ. ಗಾಳಿಗೆ ಜರ್ಸಿಗಳು ಒಂದಕ್ಕೊಂದು ತಾಗುತ್ತಿದ್ದವು. ಬಹಳ ಹೊತ್ತು ನೋಡಿದ. ಆಮೇಲೆ ಕೈಯಲ್ಲಿದ್ದುದನ್ನು ಮಡಚತೊಡಗಿದ. ತೋಳು ಒಳಗೆ ಹಾಕಿ, ನಂಬರ್ ಮೇಲೆ ಬರುವ ಹಾಗೆ. ಮಡಚುವಾಗ ಕೆಳತುಟಿಯನ್ನು ಹಲ್ಲಿನಿಂದ ಹಿಡಿದಿದ್ದ.

"ಒಗದು ತಂದೀನ್ರಿ," ಎಂದು ಎರಡೂ ಕೈಯಲ್ಲಿ ಮುಂದೆ ಹಿಡಿದ.

ಭುವನೇಶ್ವರಿ ತೆಗೆದುಕೊಂಡರು. "ಕಾಸ್ಟಿಕ್ಕಲ್ಲಿ ಒಗೆದು ತಂಡ ಬಿಟ್ಟೋನು ನೀನೊಬ್ಬನೇ. ಅಲ್ಲಿ ಹೋಗಿ ಹೀಗೆ ಮಾಡ್ಬೇಡ, ಅವರದು ದುಬಾರಿ ಜರ್ಸಿ."

ಅವನು ಬಗ್ಗಿ ಅವರ ಕಾಲು ಮುಟ್ಟಲಿಲ್ಲ. ಕೋಪ ಇನ್ನೂ ಇಳಿದಿರಲಿಲ್ಲ, ಇಳಿಯಬೇಕಾದ ಅಗತ್ಯವೂ ಇರಲಿಲ್ಲ. ಮೆಟ್ಟಿಲ ತುದಿಯಲ್ಲಿ ತಿರುಗಿ, "ನಾಳಿ ನೋಡಾಕ ಬರ್ತೀನ್ರಿ. ಬಸಲಿಂಗಗ ಹೇಳ್ರಿ, ಬಾಲ್ ಬಂದ್ರ ನೆಲಾ ನೋಡಬ್ಯಾಡ ಅಂತ" ಅಂದು ಇಳಿದುಹೋದ.

"ಬಸಲಿಂಗನಾ!" ಈಶಪ್ಪ ತಲೆಯ ಮೇಲೆ ಕೈ ಇಟ್ಟುಕೊಂಡರು. "ಅಕ್ಕ, ಅವ್ನು ನೈಟ್ ಶಿಫ್ಟ್ ಮುಗಿಸ್ಕೊಂಡ್ ಬರೋನು. ಅವ್ನಿಗೆ ಓಡೋಕೇ ಬರಾಕಿಲ್ಲ."

"ನಿಲ್ಲೋಕೆ ಬರುತ್ತೆ."

"ಸೋತ್ರೆ ಋಷಿಕೇಶ್ ಕ್ಲಬ್ ತಗಳಲ್ಲ."

"ಗೆದ್ರೂ ತಗೊಳ್ಳಲ್ಲ. ನಾನು ಕೊಡಲ್ಲ. ಅವನು ಹುಡುಗನ್ನ ಕೇಳಿದ್ದ, ಹುಡುಗ ಹೋಗ್ತಾನೆ. ಹೆಸರು ಇಲ್ಲೇ ಇರುತ್ತೆ."

"ಸಿ ಗೆ ಓಗ್ತೀವಕ್ಕ."

"ಹೋಗೋಣ. ಅಲ್ಲೂ ಬಾಲು ಗುಂಡಗೇ ಇರುತ್ತೆ. ಅಲ್ಲಿ ಆಂಬುಲೆನ್ಸು ಎರಡು ಮ್ಯಾಚಿಗೆ ಒಂದೇ ಸಾಕಂತೆ, ಅಷ್ಟು ಉಳೀತು. ಹಾಗೇ ಒಂದು ಮಾತು ಈಶಪ್ಪ, ಮಿಷಿನ್ ಮಾರಿದ್ದಕ್ಕೆ ನನ್ನ ಬಾಗಿಲಿಂದ ವಾಪಸ್ ಹೋಗ್ಬಾರದಾಗಿತ್ತು. ಜರ್ಸಿ ಮೇಲಿನ ನಿಮ್ಮ ಹೆಸರಿಗೆ ನಾನು ದುಡ್ಡು ಕೇಳಲ್ಲ. ಹುಡುಗರನ್ನ ಕರ್ಕೊಂಡ್ ಹೋಗೋಕೆ ಟೆಂಪೋ ಇದ್ಯಾ ಇಲ್ವಾ, ಅಷ್ಟು ಹೇಳಿ."

ಈಶಪ್ಪ ಹಗ್ಗದ ಮೇಲಿದ್ದ ತಮ್ಮ ಹೆಸರನ್ನು ಒಮ್ಮೆ ನೋಡಿದರು. "ಟೆಂಪೋ ಐತೆ," ಅಂದರು. "ಅದ್ನ ಯಾವೋನೂ ಕೊಳ್ಳಲ್ಲ."

ಭುವನೇಶ್ವರಿ ಮಡಚಿದ ಜರ್ಸಿಯನ್ನು ಬಿಡಿಸಿದರು. ಬಕೆಟ್ಟಿನ ಉಪ್ಪುನೀರಿಗೆ ಒಂದು ಸಲ ಅದ್ದಿ ಎತ್ತಿದರು. ಅದರಲ್ಲಿ ಬಿಡುವುದಕ್ಕೆ ಬಣ್ಣವೇ ಉಳಿದಿರಲಿಲ್ಲ. ಎಂಟಕ್ಕೂ ಹತ್ತಕ್ಕೂ ನಡುವೆ ಹಾಕಿ ಎರಡು ಕಡೆ ಕ್ಲಿಪ್ಪು ಸಿಕ್ಕಿಸಿದರು. ನಾಳೆಯೊಳಗೆ ಒಣಗಬೇಕು, ಬಸಲಿಂಗನ ಭುಜ ಅಗಲ, ತೋಳಿನ ಹೊಲಿಗೆ ಒಂದಿಷ್ಟು ಬಿಚ್ಚಬೇಕಾಗಬಹುದು.

ಆಮೇಲೆ ಸೊಂಟದಿಂದ ಫೋನು ತೆಗೆದರು. ಡ್ರಾಫ್ಟಿನಲ್ಲಿ ಪತ್ರ ಇತ್ತು, ಸಹಿ ಇತ್ತು, ದುಂಡು ಸೀಲು ಸ್ವಲ್ಪ ಓರೆಯಾಗಿ ಬಿದ್ದಿತ್ತು. ಕಳಿಸುವ ಗುಂಡಿ ಒತ್ತಿದರು. ಟ್ಯಾಂಕಿನ ಈಚೆ ಸಿಗ್ನಲ್ ಬರುವುದಿಲ್ಲ. ಪರದೆಯ ಮೇಲೆ ಸುತ್ತುವ ಗೆರೆ ಸುತ್ತುತ್ತಲೇ ಇತ್ತು. ಭುವನೇಶ್ವರಿ ಒಂದು ಕೈಯಲ್ಲಿ ಹಗ್ಗದ ಕಂಬ ಹಿಡಿದು, ಒದ್ದೆ ಕಲ್ಲಿನ ಮೇಲೆ ಹತ್ತಿ ನಿಂತು, ಫೋನನ್ನು ಜರ್ಸಿಗಳ ಸಾಲಿಗಿಂತ ಮೇಲಕ್ಕೆ ಎತ್ತಿ ಹಿಡಿದರು.

"ಜಾರ್ತೀರ ಅಕ್ಕ," ಎಂದು ಈಶಪ್ಪ ಬಂದು ಕಂಬವನ್ನು ಒತ್ತಿ ಹಿಡಿದರು.

ಹಗ್ಗ ತೂಗಿತು. ಒಂಬತ್ತರಿಂದ ನೀರು ತೊಟ್ಟಿಕ್ಕುತ್ತಿತ್ತು. ಕೆಳಗಿನಿಂದ ಶಾಂಭವಿ ಏನೋ ಕೂಗಿದಳು. ಭುವನೇಶ್ವರಿ ಕೈ ಇಳಿಸಲಿಲ್ಲ. ಗೆರೆ ಸುತ್ತುವುದು ನಿಂತು, ಪತ್ರ ಹೋಗುವವರೆಗೂ ಹಾಗೆಯೇ ನಿಂತಿದ್ದರು.