ಗೆರೆ ಮಲಗಿದ ಮೇಲೆ

ಗಣಕಯಂತ್ರದ ಪರದೆಯ ಎಡಮೂಲೆಯಲ್ಲಿ ಎತ್ತರದಿಂದ ಹೊರಟ ಗೆರೆ ದಿನ್ನೆ ಇಳಿಯುವ ಎಮ್ಮೆಯ ಹಾಗೆ ಮೊದಲು ದಡದಡನೆ, ಆಮೇಲೆ ಸಾವಕಾಶವಾಗಿ ಇಳಿದು, ಕೊನೆಗೆ ಸಮನೆಲ ಕಂಡಲ್ಲಿ ಮೈಚಾಚಿ ಮಲಗುತ್ತಿತ್ತು. ನನ್ನ ಅರ್ಧ ಆಯುಷ್ಯ ಈ ಎಮ್ಮೆ ಮಲಗುವುದನ್ನು ಕಾಯುವುದರಲ್ಲೇ ಹೋಗಿದೆ. ಹೆಂಡತಿ ಮಕ್ಕಳಿಲ್ಲದವನಿಗೆ ಕಾಯಲು ಏನಾದರೊಂದು ಬೇಕಲ್ಲ.

ನಮ್ಮ ಕಚೇರಿ ಊರಾಚೆ, ಹೊಳೆಯ ದಂಡೆಯ ಮೇಲೆ ಇತ್ತು. ಹೊರಗೆ ನಿಜವಾದ ಹೊಳೆ, ಒಳಗೆ ಯಂತ್ರದಲ್ಲಿ ಅದರದೇ ಲೆಕ್ಕದ ಹೊಳೆ. ಹೊಳೆಯ ಪಾತ್ರವನ್ನು ಸಣ್ಣ ಸಣ್ಣ ಚೌಕಗಳಾಗಿ ಒಡೆದು ಯಂತ್ರಕ್ಕೆ ಕೊಡುತ್ತಿದ್ದೆವು. ಒಂದು ಚೌಕಕ್ಕೆ ಬಂದ ನೀರಿಗೂ ಅದರಿಂದ ಹೋದ ನೀರಿಗೂ ತಾಳೆಯಾಗಬೇಕು. ಮೊದಮೊದಲು ಆಗುವುದಿಲ್ಲ. ಯಂತ್ರ ತಿದ್ದುತ್ತದೆ, ಮತ್ತೆ ತಿದ್ದುತ್ತದೆ. ಉಳಿದ ತಪ್ಪೆಷ್ಟು ಎಂಬುದನ್ನು ಆ ಗೆರೆ ತೋರಿಸುತ್ತದೆ. ಒಂದೊಂದು ಲೆಕ್ಕ ಮುಗಿಯಲು ವಾರಗಟ್ಟಲೆ ಹಿಡಿಯುತ್ತಿತ್ತು. ಬೇಗ ನಿಲ್ಲಿಸಿದರೆ ಉತ್ತರ ಹಸಿ. ನಿಲ್ಲಿಸದೇ ಬಿಟ್ಟರೆ ಸರದಿಯಲ್ಲಿರುವ ಇನ್ನೊಂದು ಕೆಲಸ ಕೂತಲ್ಲೇ ಕೊಳೆಯುತ್ತದೆ. ಯಾವಾಗ ನಿಲ್ಲಿಸಬೇಕು ಎನ್ನುವುದೇ ನಮ್ಮ ಕಸುಬು.

ಅದಕ್ಕೆ ನಮ್ಮಲ್ಲಿ ಒಂದು ಕಟ್ಟಳೆಯಿತ್ತು. ಲೆಕ್ಕ ಓಡಿಸಿದವನು ತಾನೇ ಅದನ್ನು ನಿಲ್ಲಿಸುವಂತಿಲ್ಲ. ಕಾದು ಕಾದು ಅವನ ಕಣ್ಣಿಗೆ ಆಸೆ ಹತ್ತಿರುತ್ತದೆ. ಅವನು "ನೋಡ್ರಿ" ಎಂದು ಕರೆಯಬೇಕು. ಇನ್ನೊಬ್ಬ ಕುರ್ಚಿ ಎಳೆದುಕೊಂಡು ಬಂದು ಕೂತು, ನೋಡಿ, "ನಿಂತಿತು" ಎನ್ನಬೇಕು, ಇಲ್ಲವೆ "ಇಲ್ಲ" ಎನ್ನಬೇಕು. ಆಡಿದ ಮಾತನ್ನು ಹಿಂತೆಗೆದುಕೊಳ್ಳುವಂತಿಲ್ಲ.

ಆ ಇನ್ನೊಬ್ಬ ಎಂದರೆ ನನ್ನ ಪಾಲಿಗೆ ಅಂದಾನಯ್ಯನವರು. ಹಳ್ಳಿ ಶಾಲೆ ಮುಗಿಸಿ ಹೊಳೆಯ ಆಳ ಅಳೆಯುವ ಕೋಲು ಹಿಡಿಯಲು ಬಂದ ನನ್ನನ್ನು ಯಂತ್ರದ ಮುಂದೆ ಕೂರಿಸಿದವರು ಅವರೇ. "ಗೆರಿ ಮಲಗೇತಿ ಅಂತ ನಂಬಬ್ಯಾಡ ತಮ್ಮಾ, ನೀರು ಮಲಗೇತೇನು ನೋಡು" ಎಂಬುದು ಅವರ ಮೊದಲ ಪಾಠ. ಬೇರೆಯವರೂ ನಮ್ಮ ಕೋಣೆಗೆ ಬಂದರು, ಹೋದರು. ನನ್ನ ಬಾಯಿ ಕೆಟ್ಟದ್ದು. ಹಸಿ ಲೆಕ್ಕ ಕಂಡರೆ ಹಸಿ ಎನ್ನುತ್ತಿದ್ದೆ, ಲೆಕ್ಕ ಓಡಿಸಿದವನ ಮುಖ ನೋಡುತ್ತಿರಲಿಲ್ಲ. ಒಬ್ಬೊಬ್ಬರಾಗಿ ವರ್ಗ ಮಾಡಿಸಿಕೊಂಡರು. ಕೊನೆಗೆ ಕೋಣೆಯಲ್ಲಿ ಉಳಿದದ್ದು ಎರಡು ಯಂತ್ರ, ನಾವಿಬ್ಬರು ಮತ್ತು ಅಂದಾನಯ್ಯನವರ ಬೆತ್ತದ ಕುರ್ಚಿ. ಅದನ್ನು ಎಳೆದರೆ ಕಲ್ಲು ಹಾಸಿನ ಮೇಲೆ ಕರ್ ಎಂದು ಸದ್ದಾಗುತ್ತಿತ್ತು. ಆ ಸದ್ದು ಕೇಳಿದರೆ ನನ್ನ ಸಿಟ್ಟು ಅರ್ಧ ಇಳಿಯುತ್ತಿತ್ತು.

ಅವರಿಗೆ ನಿವೃತ್ತಿಯ ವಯಸ್ಸಾಯಿತು. ಮೇಲಧಿಕಾರಿ ಇನಾಮದಾರ ಸಾಹೇಬರು, "ಹಿಡಿದ ಲೆಕ್ಕ ಮುಗಿಯೂತನ ಇರ್ರಿ ಅಯ್ಯಾರ, ಆಮ್ಯಾಲ ಆರಾಮ ಮಾಡ್ರಿ" ಎಂದರು. ಅವರು ಹಿಡಿದಿದ್ದು ಸೇತುವೆಯ ಕಂಬಗಳ ಲೆಕ್ಕ. ನನ್ನದು ಬಣ್ಣಗಾರರ ಓಣಿಯದು. ಮೇಲಿನ ಒಡ್ಡಿನ ಬಾಗಿಲುಗಳನ್ನೆಲ್ಲ ಒಟ್ಟಿಗೆ ತೆರೆದರೆ ಓಣಿಯ ಮೂಲೆಯಲ್ಲಿ ನೀರು ಎಷ್ಟು ಏರುತ್ತದೆ, ಅಲ್ಲಿ ಕಟ್ಟುವ ಗೋಡೆ ಎಷ್ಟು ಎತ್ತರ ಬೇಕು ಎಂಬುದನ್ನು ಅದು ಹೇಳಬೇಕಿತ್ತು. ಆ ಓಣಿಯಲ್ಲಿ ಜನ ನೆಲದ ಮೇಲೆ ಬಣ್ಣದ ಬಾನಿಗಳ ಪಕ್ಕದಲ್ಲೇ ಮಲಗುತ್ತಿದ್ದರು. ನಾನು ತಪ್ಪಿದರೆ ಆ ನೀರು ಹೋಗುವುದು ಅವರ ಹಾಸಿಗೆಗೆ.

ಅಂದಾನಯ್ಯನವರ ಲೆಕ್ಕ ಮುಗಿಯಲೇ ಇಲ್ಲ. ಅವರ ಗೆರೆ ಅರ್ಧ ದಿನ್ನೆ ಇಳಿದು, ಅಲ್ಲೇ ಮೇಲೆ ಕೆಳಗೆ ತೂಗಾಡತೊಡಗಿತು. ಸಾಹೇಬರು ಬಂದು ನೋಡುವರು, ನಾಲಗೆ ಲೊಚಗುಟ್ಟುವರು, ಹೋಗುವರು. ಕಡೆಗೊಂದು ದಿನ ನನ್ನನ್ನು ವರಾಂಡಕ್ಕೆ ಕರೆದರು.

"ಅಯ್ಯಾರಿಗೆ ಮನಿಗೆ ಹೋಗೂ ಮನಸ್ಸಿಲ್ಲ. ಲೆಕ್ಕಾ ತೊಟ್ಟಲದಾಗ ಹಾಕಿ ತೂಗಾಕತ್ತಾರ. ನೀವರೆ ಒಂದ್ ಮಾತು ಹೇಳಿ ಮುಗಸ್ರಿ."

"ಅವರು ಕರೀದ ನಾ ನೋಡಾಂಗಿಲ್ರಿ."

"ಅವರು ಕರಿಯೂತನ ನಾನೂ ನಿವೃತ್ತ ಆಗತೇನಿ."

ನನಗೆ ಸಾಹೇಬರ ಮೇಲೆ ಮೈ ಉರಿಯಿತು. ಆ ಉರಿಯಲ್ಲೇ ಒಳಗೆ ಬಂದು, ಅಯ್ಯನವರ ಹೆಸರಿಗೆ ಹತ್ತಿದ ಕೆಸರು ತೊಳೆದೇಬಿಡುತ್ತೇನೆ ಎಂದುಕೊಂಡು, ಕರೆಯದೆಯೇ ಒಂದು ಕುರ್ಚಿ ಎಳೆದು ಅವರ ಪಕ್ಕ ಕೂತೆ. ನೋಡಿದೆ. ಕಂಬದ ಹಿಂದೆ ನೀರು ಒಮ್ಮೆ ಎಡಕ್ಕೆ ಸುತ್ತುತ್ತಿತ್ತು, ಒಮ್ಮೆ ಬಲಕ್ಕೆ. ಅದು ಲೆಕ್ಕದ ತಪ್ಪಲ್ಲ. ನಿಜವಾದ ಹೊಳೆಯೂ ಕಂಬದ ಹಿಂದೆ ಹಾಗೆಯೇ ಬಾಲ ಬೀಸುತ್ತದೆ. ಅಂಥಲ್ಲಿ ಗೆರೆ ಎಂದೂ ಮಲಗುವುದಿಲ್ಲ. ತೂಗು ಒಂದೇ ಸಮ ಇದೆಯೇ ಎಂದಷ್ಟೇ ನೋಡಬೇಕು. 'ಒಂದ ಸಮ ತೂಗೂದೂ ನಿಂತಂಗ ತಮ್ಮಾ' ಎಂದು ಹೇಳಿಕೊಟ್ಟವರು ಇವರೇ. ಗೆರೆಯನ್ನು ಹಿಂದಕ್ಕೆ ಸರಿಸಿ ನೋಡಿದೆ. ತೂಗು ಒಂದೇ ಸಮ ಆಗಿ ಬಹಳ ದಿನಗಳಾಗಿದ್ದವು.

"ನಿಂತೈತ್ರಿ ಅಯ್ಯಾರ," ಎಂದೆ. "ಎಂದೋ ನಿಂತೈತಿ."

ಅವರು ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸಿದರು. "ಗೊತ್ತೈತಿ."

"ಮತ್ಯಾಕ ಕರೀಲಿಲ್ಲ?"

"ಕರದ್ರ ನೀ ಹೇಳಾಂವ. ನೀ ಹೇಳಿದ್ರ ನಾ ಹೋಗಾಂವ. ನಾ ಹೋದ್ರ ನಿನ್ನ ಓಣಿ ಲೆಕ್ಕಾ ಯಾರ್ ನೋಡಬೇಕು? ನನ್ನ ಜಾಗಾಕ್ಕ ಯಾರನ್ನೂ ಹಾಕೂದಿಲ್ಲಂತ. ಹಾಕಿದ್ರೂ ನಿನ್ನ ಬಾಯಿಗೆ ಹೆದರಿ ಯಾರ್ ಬರತಾರ?" ಕನ್ನಡಕ ಏರಿಸಿಕೊಂಡು ಪರದೆಯ ಕಡೆಗೇ ನೋಡುತ್ತ ಹೇಳಿದರು: "ನಿಂದೂ ಮಲಗೂತನ ತೂಗೋಣ ಅಂತಿದ್ದೆ."

"ಹೇಳಿದ್ದು ವಾಪಸ್ ತಗೋತೇನ್ರಿ" ಎಂದೆ.

"ಉಗುಳಿದ್ದು ನುಂಗತಿಯೇನು? ನಿಂತದ್ದು ನಿಂತೈತಿ." ಅವರು ಕೈ ಚಾಚಿ ತಾವೇ ಯಂತ್ರ ನಿಲ್ಲಿಸಿದರು. ತೂಗುತ್ತಿದ್ದ ಗೆರೆ ಅರ್ಧಕ್ಕೇ ಉಳಿಯಿತು. ಮರುದಿನ ಅವರು ಬರಲಿಲ್ಲ. ಕುರ್ಚಿ ಮಾತ್ರ ಇತ್ತು. ಅದು ಅವರ ಸ್ವಂತದ್ದು. ಒಯ್ಯಲು ಮರೆತರೋ, ಬಿಟ್ಟರೋ ನಾನು ಕೇಳಲಿಲ್ಲ.

ನನ್ನ ಓಣಿಯ ಗೆರೆಯೂ ಒಂದು ದಿನ ಇಳಿದು ಮಲಗಿತು. ಸಾಹೇಬರಿಗೆ ಅದು ಹೇಗೆ ತಿಳಿಯಿತೋ, ಬಂದೇ ಬಿಟ್ಟರು.

"ಮಲಗೇತಿ! ಗೋಡಿ ಕಟ್ಟೋರು ಗುದ್ದಲಿ ಹಿಡದು ನಿಂತಾರ. ಹೇಳಿಬಿಡ್ರಿ, ನಿಂತಿತು ಅಂತ."

"ನನ್ನ ಲೆಕ್ಕಕ್ಕ ನಾನ ಹೇಳಾಂಗಿಲ್ರಿ."

"ಹಂಗಾದ್ರ ನಾ ಹೇಳತೇನಿ ತಗೋರಿ."

"ನಿಮಗ ಅವಸರ ಐತ್ರಿ ಸಾಹೇಬ್ರ. ಅವಸರ ಇದ್ದವರು ಅಳೀಬಾರ್ದು."

"ನಿಮ್ಮ ಕೂಡ ಮಾತಾಡೂದಂದ್ರ ಬರಿಗಾಲೀಲೆ ಜಾಲಿಮುಳ್ಳು ತುಳದಂಗ!" ಎಂದು ಅವರು ಬಾಗಿಲು ಬಡಿದುಕೊಂಡು ಹೋದರು. ನಾನು ಸಿಟ್ಟಿನಲ್ಲೇ ಗೆರೆಯನ್ನು ಕಾಗದದ ಮೇಲೆ ತೆಗೆದು, ಸುರುಳಿ ಸುತ್ತಿ, ಸೈಕಲ್ ಹತ್ತಿ ಕುಂಬಾರರ ಓಣಿಯ ಆಚೆ ಅಂದಾನಯ್ಯನವರ ಮನೆಗೆ ಹೋದೆ. ಅಲ್ಲಿ ಅವರೂ ವಿಧವೆ ಅಕ್ಕ ನೀಲವ್ವನೂ ಇದ್ದರು. ಬಾಗಿಲಲ್ಲೇ ಜೋಳ ಹಸನು ಮಾಡುತ್ತಿದ್ದ ನೀಲವ್ವ ಮೊರ ಕೆಳಗಿಡದೆ ಕೂಗಿದಳು: "ಅಂದಾನೀ, ಏಳು. ನಿನ್ನ ಹೊಳಿ ಮನೀಮಟಾ ಬಂದೈತಿ."

ಅವರು ಎದ್ದು, ಮಲಗಿದ್ದ ಹೊರಸಿನ ಮೇಲೆಯೇ ಕಾಗದ ಹಾಸಿ ನೋಡಿದರು. "ಚಂದ ಮಲಗೇತಿ. ಓಣಿ ಮೂಲೀದು ಎಲ್ಲೈತಿ?"

ಮೂಲೆಯ ನೀರಿನ ಮಟ್ಟದ ಗೆರೆ ಬೇರೆಯೇ. ಅದನ್ನು ನಾನು ತಂದಿರಲಿಲ್ಲ.

"ನಿನ್ನ ಸಿಟ್ಟು ಅರ್ಧಾ ಕಾಗದಾ ಅಲ್ಲೇ ಬಿಟ್ಟು ಬಂದೈತಿ ನೋಡು," ಎಂದು ನಕ್ಕರು. "ಹೋಗು, ತಗೊಂಡು ಬಾ."

ಬಯ್ದುಕೊಳ್ಳುತ್ತ ಹೋಗಿ ತಂದೆ. ಅದೂ ಕಣ್ಣಿಗೆ ಮಲಗಿದ ಹಾಗೇ ಇತ್ತು. ಅವರು ನೀಲವ್ವನ ಕಸಬರಿಗೆಯಿಂದ ಒಂದು ನೆಟ್ಟಗಿನ ಕಡ್ಡಿ ಹಿರಿದು ಗೆರೆಯ ಮೇಲಿಟ್ಟರು. ಒಂದು ತುದಿಯಲ್ಲಿ ಗೆರೆ ಕಡ್ಡಿಗೆ ತಾಗಿತ್ತು. ಇನ್ನೊಂದು ತುದಿಯಲ್ಲಿ ಉಗುರಿನ ದಪ್ಪದಷ್ಟು ಮೇಲಿತ್ತು. ಲೆಕ್ಕದ ತಪ್ಪು ಮಲಗಿತ್ತು. ನೀರು ಮಾತ್ರ ಇರುವೆಯ ಹಾಗೆ ಗೋಡೆ ಹತ್ತುತ್ತಲೇ ಇತ್ತು.

"ಇಲ್ಲ," ಎಂದರು ಅಂದಾನಯ್ಯನವರು.

ಆ ಒಂದು ಮಾತು ಹಿಡಿದುಕೊಂಡು ನಾನು ಸಾಹೇಬರ ಎಲ್ಲ ಮಾತುಗಳ ಎದುರು ನಿಂತೆ. ಯಂತ್ರ ಓಡಿತು. ಗುದ್ದಲಿಯವರು ಬೇರೆ ಕೆಲಸಕ್ಕೆ ಹೋದರು. ಮತ್ತೆ ಮತ್ತೆ ಕಾಗದ ಒಯ್ದೆ. ಕಡ್ಡಿಯ ಎರಡೂ ತುದಿ ಗೆರೆಗೆ ತಾಗಿದ ದಿನ ಅವರು, "ನಿಂತಿತು, ಏಳು" ಎಂದರು. ನೀಲವ್ವ ರೊಟ್ಟಿ ಕೊಟ್ಟಳು. ಗೋಡೆ ಮೊದಲು ಅಂದುಕೊಂಡದ್ದಕ್ಕಿಂತ ಒಂದು ಮೊಳ ಎತ್ತರಕ್ಕೆ ಎದ್ದಿತು. ಮುಂದೊಂದು ಮಳೆಗಾಲದಲ್ಲಿ ಒಡ್ಡಿನ ಬಾಗಿಲುಗಳನ್ನೆಲ್ಲ ತೆರೆದಾಗ ನೀರು ಆ ಮೊಳದ ಅರ್ಧಕ್ಕೆ ಬಂದು ತಿರುಗಿ ಹೋಯಿತು. ಓಣಿಯವರು ಗೋಡೆಯ ಮೇಲೆ ಎಂದಿನಂತೆ ಸೀರೆ ಒಣಹಾಕಿದರು.

ಆಮೇಲೆ ನನ್ನ ಪ್ರತಿಯೊಂದು ಲೆಕ್ಕವೂ ಆ ಹೊರಸಿನ ಮೇಲೆ ಹಾಸಿಕೊಂಡೇ ಮುಗಿಯಿತು. ಕಚೇರಿಗೆ ಹೊಸಬರು ಇಬ್ಬರು ಬಂದಿದ್ದರು. ನಾನು ಬಾಯಿ ಹಿಡಿದುಕೊಳ್ಳಲು ನೋಡಿದೆ, ಆಗಲಿಲ್ಲ. ಅವರೂ ಹೋದರು. ಅಂದಾನಯ್ಯನವರ ಕಣ್ಣು ಮಂಜಾಗುತ್ತ ಬಂದಿತು. ಆಗ ಗೆರೆಯ ಮೇಲೆ ಸೂಜಿಯಿಂದ ಒತ್ತಾಗಿ ತೂತು ಚುಚ್ಚಿಕೊಂಡು ಒಯ್ಯುತ್ತಿದ್ದೆ. ಅವರು ಕಾಗದ ತಿರುವಿ ಹಾಕಿ, ಬೆರಳಾಡಿಸಿ, ಕಡ್ಡಿ ಇಟ್ಟು, ತಲೆ ಓರೆ ಮಾಡಿ ಹೇಳುತ್ತಿದ್ದರು. ಎಂದೂ ತಪ್ಪಲಿಲ್ಲ ಎಂದು ಹೇಳಲಾರೆ. ತಪ್ಪಿದ್ದಾರೆ, ನಾನು ಜಗಳಾಡಿದ್ದೇನೆ. ಜಗಳಾಡಲು ಒಬ್ಬರಿದ್ದರು, ಅಷ್ಟೇ.

ಒಂದು ಸಲ ಕಾಗದ ಹಿಡಿದು ಹೋದಾಗ ಹೊರಸನ್ನು ಗೋಡೆಗೆ ಎತ್ತಿ ನಿಲ್ಲಿಸಿದ್ದರು. ಬಾಗಿಲಲ್ಲಿ ಮೊರವಿರಲಿಲ್ಲ. ನೀಲವ್ವ ಹೊಸ್ತಿಲ ಒಳಗೆ ಕೂತಿದ್ದಳು. ನನ್ನ ಕೈಯ ಸುರುಳಿ ನೋಡಿ, "ಯಾರಿಗೆ ತಂದೀಯೋ ಯಪ್ಪಾ?" ಎಂದಳು. ನಾನು ಅವಳ ಪಕ್ಕ ಕೂತೆ. ಹೋಗುವಾಗ ಅವಳು ಒಳಗಿನಿಂದ ಆ ಕಡ್ಡಿ ತಂದುಕೊಟ್ಟಳು. ಬೆರಳು ತಾಗಿ ತಾಗಿ ಅದು ನುಣುಪಾಗಿತ್ತು.

ಆ ದಿನದ ಲೆಕ್ಕ ಇನ್ನೂ ಯಂತ್ರದಲ್ಲಿತ್ತು. ಸಂಜೆ ಕಚೇರಿಗೆ ವಾಪಸು ಬಂದು ನೋಡಿದೆ. ಎಮ್ಮೆ ದಿನ್ನೆ ಇಳಿದು ಮಲಗಿತ್ತು. ನೀರಿನ ಗೆರೆಗೆ ಕಡ್ಡಿ ಹಿಡಿದೆ. ಎರಡೂ ತುದಿ ತಾಗಿದವು. ಮತ್ತೊಮ್ಮೆ ಹಿಡಿದೆ, ತಾಗಿದವು. ಬೆತ್ತದ ಕುರ್ಚಿಯನ್ನು ಮೂಲೆಯಿಂದ ಎಳೆದೆ. ಕಲ್ಲಿನ ಮೇಲೆ ಕರ್ ಎಂದಿತು. ಪರದೆಯ ಮುಂದೆ ಇಟ್ಟು, "ನೋಡ್ರಿ" ಎಂದೆ.

ಕಿಟಕಿಯಾಚೆ ನಿಜವಾದ ಹೊಳೆ ಹರಿಯುವ ಸದ್ದು ಕೇಳುತ್ತಿತ್ತು. ನಿಲ್ಲಿಸುವ ಗುಂಡಿಯ ಹತ್ತಿರ ಹೋದ ಕೈಯನ್ನು ಹಿಂದಕ್ಕೆ ತೆಗೆದುಕೊಂಡೆ. ದೀಪ ಆರಿಸಿ ಬಾಗಿಲು ಎಳೆದುಕೊಳ್ಳುವಾಗ ಒಮ್ಮೆ ತಿರುಗಿ ನೋಡಿದೆ. ಖಾಲಿ ಕುರ್ಚಿ ಪರದೆಯ ಬೆಳಕಿಗೆ ಮುಖ ಮಾಡಿ ಕೂತಿತ್ತು. ಅದರ ಎದುರು ಗೆರೆ, ಒಂದಿಷ್ಟೂ ಏರದೆ, ಒಂದಿಷ್ಟೂ ಇಳಿಯದೆ, ಮುಂದೆ ಮುಂದೆ ಹೋಗುತ್ತಲೇ ಇತ್ತು.